ಗೋಕಾಕದ ಬಿಸಿಲು, ಹುಕ್ಕೇರಿಯ ಕರೆಂಟ್ ಬಿಲ್ಲು

ಏಪ್ರಿಲ್ ತಿಂಗಳಲ್ಲಿ ಗೋಕಾಕ ಫಾಲ್ಸ್ ನೋಡಲು ಯಾರೂ ಬರುವುದಿಲ್ಲ. ಘಟಪ್ರಭಾ ಸ್ಟೇಶನ್ನಿನಲ್ಲಿ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಇಳಿದು ಆಟೋ ಕೇಳಿದಾಗ ಆಟೋದವನು ಅದನ್ನೇ ಹೇಳಿದ. "ಫಾಲ್ಸಿಗೇನ್ರಿ ಅಕ್ಕಾರ? ಈಗೇನ ಐತ್ರಿ ಅಲ್ಲಿ, ಬರೀ ಕಲ್ಲ ನೋಡಬೇಕ. ಜುಲೈದಾಗ ಬರ್ರಿ, ಹೊಳಿ ತುಂಬಿರತೈತಿ."

ನಾನು ಫಾಲ್ಸ್ ನೋಡಲು ಬಂದವಳಲ್ಲ. ಎರಡು ಕೆಲಸ ಹೊತ್ತು ತವರಿನ ಸೀಮೆಗೆ ಬಂದಿದ್ದೆ. ಒಂದು ಕಾಕಾನದು, ಇನ್ನೊಂದು ಅಣ್ಣನದು. ಎರಡೂ ಒಂದೇ ಲೆಕ್ಕಕ್ಕೆ ಸಂಬಂಧಿಸಿದ್ದು. ಮೊದಲನೆಯ ಲೆಕ್ಕ ತಪ್ಪಿತ್ತು, ಎರಡನೆಯದನ್ನು ಇನ್ನೂ ಮಾಡಬೇಕಿತ್ತು.

ನನ್ನ ಕೆಲಸ ಏನೆಂದು ಊರಿನಲ್ಲಿ ಹೇಳುವುದು ಕಷ್ಟ. ಬೆಂಗಳೂರಿನ ಒಂದು ಆಫೀಸಿನಲ್ಲಿ ಕುಳಿತು, ಇನ್ನೂ ಕಟ್ಟದ ಕಟ್ಟಡಗಳ ಕರೆಂಟ್ ಬಿಲ್ ಎಷ್ಟಾಗಬಹುದು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತೇನೆ. ಅವ್ವನಿಗೆ ನಾನು ಹೇಳಿದ್ದು ಹೀಗೆ: "ಮದಿವಿಗೆ ಅಡಗಿ ಮಾಡಾವ ಮೊದ್ಲ ಹೇಳತಾನಲ್ಲ, ಸಾವಿರ ಮಂದಿಗೆ ಇಷ್ಟ ಅಕ್ಕಿ, ಇಷ್ಟ ಬ್ಯಾಳಿ ಅಂತ, ಹಂಗ." ಗೋಡೆ ಎಷ್ಟು ದಪ್ಪ, ಗಾಜು ಎಷ್ಟು, ಯಾವ ದಿಕ್ಕು, ಒಳಗೆ ಎಷ್ಟು ಜನ, ಎಷ್ಟು ದೀಪ, ಎಷ್ಟು ಹೊತ್ತು ತೆರೆದಿರುತ್ತದೆ, ಇದನ್ನೆಲ್ಲ ಕೊಡಬೇಕು. ಜೊತೆಗೆ ಆ ಊರಿನ ಹವಾಮಾನದ ಕಡತ. ವರ್ಷದ 8,760 ಗಂಟೆಗಳಿಗೂ ಬಿಸಿಲು, ಗಾಳಿ, ತೇವ ಎಷ್ಟೆಂದು ಅದರಲ್ಲಿ ಇರುತ್ತದೆ. ಎನರ್ಜಿಪ್ಲಸ್‌ನಂಥ ತಂತ್ರಾಂಶ ಒಂದೊಂದು ಗಂಟೆಯನ್ನೂ ಲೆಕ್ಕ ಹಾಕಿ ಕೊನೆಗೆ ಒಂದು ಸಂಖ್ಯೆ ಕೊಡುತ್ತದೆ. ಇದಕ್ಕೆ ಎನರ್ಜಿ ಮಾಡೆಲಿಂಗ್ ಎನ್ನುತ್ತಾರೆ. ಅಡುಗೆಯವನ ಅಕ್ಕಿ ಲೆಕ್ಕದಂತೆ ಇದೂ ತಪ್ಪಬಹುದು. ಅಡುಗೆಯವನ ತಪ್ಪು ಆವತ್ತೇ ಪಂಕ್ತಿಯಲ್ಲಿ ಗೊತ್ತಾಗುತ್ತದೆ. ನಮ್ಮದು ಗೊತ್ತಾಗಲು ಒಂದು ವರ್ಷ ಬೇಕು.

ಹುಕ್ಕೇರಿಯಲ್ಲಿ ದೊಡ್ಡವ್ವನ ಮಗ, ನನ್ನ ಅಣ್ಣ, ಎರಡು ವರ್ಷದ ಹಿಂದೆ ಸೀರೆ ಅಂಗಡಿಯ ಹೊಸ ಕಟ್ಟಡ ಕಟ್ಟಿಸಿದ. ಮೂರು ಅಂತಸ್ತು ಸೇರಿ 500 ಚದರ ಮೀಟರ್. ನಾನೇ ಉತ್ಸಾಹದಿಂದ ಲೆಕ್ಕ ಹಾಕಿ ಕೊಟ್ಟಿದ್ದೆ: ವರ್ಷಕ್ಕೆ 60,000 ಯೂನಿಟ್. ಆ ಸಂಖ್ಯೆ ನಂಬಿ ಅವನು ಸಾಲದ ಕಂತು ಹೊಂದಿಸಿಕೊಂಡಿದ್ದ. ಮೊದಲ ವರ್ಷ ಮುಗಿದ ಮೇಲೆ ಹನ್ನೆರಡು ಬಿಲ್ಲಿನ ಫೋಟೋ ಕಳಿಸಿದ. ಕೂಡಿಸಿ ನೋಡಿದರೆ 87,000. ಕೆಳಗೆ ಒಂದೇ ಸಾಲು: "ತಂಗಿ, ಇದೇನಾತು?"

ಯೂನಿಟ್ಟಿಗೆ ಎಂಟು ರೂಪಾಯಿ ಎಂದು ಸುಮ್ಮನೆ ಹಿಡಿದರೂ ಹೆಚ್ಚುವರಿ 27,000 ಯೂನಿಟ್ಟಿಗೆ 2,16,000 ರೂಪಾಯಿ. ಅಂಗಡಿಯಲ್ಲಿ ದುಡಿಯುವ ಒಬ್ಬ ಹುಡುಗನ ವರ್ಷದ ಸಂಬಳ. ಅದೇ ವಾರ ಗೋಕಾಕದಿಂದ ಕಾಕಾನ ಫೋನು: "ನಂದೂ ಒಂದ ಕಾಂಪ್ಲೆಕ್ಸ್ ಪ್ಲಾನ್ ಆಗೇತಿ. ಅಣ್ಣಗ ಮಾಡಿಕೊಟ್ಟಿಯಲ್ಲ, ನನಗೂ ಒಂದ ಲೆಕ್ಕಾ ಮಾಡಿಕೊಡು." ಅಣ್ಣನ ಬಿಲ್ಲಿನ ಸುದ್ದಿ ಅವನಿಗಿನ್ನೂ ಮುಟ್ಟಿರಲಿಲ್ಲ. ಹಳೆಯ ತಪ್ಪು ಎಲ್ಲಿದೆ ಎಂದು ತಿಳಿಯದೆ ಹೊಸ ಲೆಕ್ಕ ಕೊಡಬಾರದು ಎಂದುಕೊಂಡು ರಜೆ ಹಾಕಿ ರೈಲು ಹತ್ತಿದೆ.

ಗೋಕಾಕ: ಪಡುವಣ ದಿಕ್ಕಿನ ಗಾಜು

ಕಾಕಾನ ಹಳೆಯ ಬಟ್ಟೆ ಅಂಗಡಿ ಪೇಟೆಯೊಳಗಿತ್ತು. 2019ರ ಆಗಸ್ಟ್‌ನಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಊರೊಳಗೆ ಬಂದಾಗ ಅಂಗಡಿಯಲ್ಲಿ ಎದೆಮಟ್ಟದ ನೀರು. ಗಂಟು ಗಂಟು ಬಟ್ಟೆ ಕೆಸರಾಗಿ ಹೋಯಿತು. ಆವಾಗಿನಿಂದ ಅವನಿಗೆ ಒಂದೇ ಹಟ, ಎತ್ತರದ ಜಾಗದಲ್ಲಿ ಹೊಸ ಕಟ್ಟಡ. ಈಗ ಜಾಗ ಸಿಕ್ಕಿದೆ, ಬ್ಯಾಂಕು ಸಾಲಕ್ಕೆ ಒಪ್ಪಿದೆ. ಪ್ಲಾನು ಟೀಪಾಯಿ ಮೇಲೆ ಹಾಸಿ, ಎರಡೂ ತುದಿಗೆ ಕರದಂಟಿನ ಡಬ್ಬಿ ಇಟ್ಟು, "ನೋಡವಾ" ಅಂದ.

ನಲವತ್ತು ಅಡಿ ಅಗಲ, ಅರವತ್ತು ಅಡಿ ಆಳ, ಮೂರು ಅಂತಸ್ತು. ರಸ್ತೆಗೆ ಮುಖ ಮಾಡಿದ ಇಡೀ ಗೋಡೆ ಗಾಜು, ಕೆಳಗಿನಿಂದ ಮೇಲಿನವರೆಗೆ.

"ರಸ್ತೆ ಯಾವ ದಿಕ್ಕಿಗೆ ಐತಿ ಕಾಕಾ?"

"ಪಡುವಣಕ್ಕ. ಸಂಜೀ ಬಿಸಿಲ ಬಿದ್ದರ ಹೊಳೀತೈತಿ ನೋಡು. ಬೆಳಗಾವಿ ಮಾಲ್ ಹಂಗ."

ಗಾಜಿನವರಿಗೆ ಆಗಲೇ ಒಂದೂವರೆ ಲಕ್ಷ ಮುಂಗಡ ಕೊಟ್ಟಾಗಿತ್ತು. ನಾನೇನೂ ಮಾತಾಡಲಿಲ್ಲ. ಸಂಜೆ ನಾಲ್ಕೂವರೆಗೆ ಇಬ್ಬರೂ ಆ ಜಾಗಕ್ಕೆ ಹೋಗಿ ರಸ್ತೆಗೆ ಮುಖ ಮಾಡಿ ನಿಂತೆವು. ಐದು ನಿಮಿಷಕ್ಕೆ ಕಾಕಾ ಟೋಪಿ ತೆಗೆದು ಮುಖಕ್ಕೆ ಅಡ್ಡ ಹಿಡಿದ.

ನಮ್ಮ ಕಡೆ ಬೇಸಿಗೆಯ ನಡುಹಗಲು ಸೂರ್ಯ ನೆತ್ತಿಯ ಮೇಲಿರುತ್ತಾನೆ. ಗೋಕಾಕ ಇರುವುದು ಸುಮಾರು 16 ಡಿಗ್ರಿ ಅಕ್ಷಾಂಶದಲ್ಲಿ, ಹಾಗಾಗಿ ಮೇ ಮೊದಲ ವಾರದಲ್ಲಿ ನಡುಹಗಲು ನೆರಳೇ ಬೀಳದ ದಿನ ಬರುತ್ತದೆ. ಆಗ ಬಿಸಿಲೆಲ್ಲ ಮಾಳಿಗೆಗೆ. ದಕ್ಷಿಣದ ಗೋಡೆಗೆ ಒಂದು ಛಜ್ಜಾ ಇದ್ದರೂ ಸಾಕು. ಆದರೆ ಸಂಜೆಯ ಸೂರ್ಯ ಕೆಳಗಿಳಿದು ಕಣ್ಣಿಗೆ ನೇರ ಹೊಡೆಯುತ್ತಾನೆ, ಅವನನ್ನು ಛಜ್ಜಾ ತಡೆಯಲಾರದು. ಪಡುವಣ ಗೋಡೆಯ ಒಂದು ಚದರ ಮೀಟರಿಗೆ ಆ ಹೊತ್ತಿನಲ್ಲಿ ಸುಮಾರು 600 ವ್ಯಾಟ್ ಬಿಸಿಲು ಬೀಳುತ್ತದೆ. ಕಾಕಾನ ಗಾಜು 100 ಚದರ ಮೀಟರಿಗಿಂತ ಕಡಿಮೆಯೇನಿಲ್ಲ. ಸಾದಾ ಗಾಜು ಅದರಲ್ಲಿ ಹತ್ತಕ್ಕೆ ಎಂಟು ಪಾಲನ್ನು ಒಳಗೆ ಬಿಡುತ್ತದೆ. ಲೆಕ್ಕ ಹಾಕಿದರೆ 48 ಕಿಲೋವ್ಯಾಟ್ ಬಿಸಿ. ಒಂದೂವರೆ ಟನ್ನಿನ ಒಂದು ಎ.ಸಿ. ಹೊರಗೆ ಹಾಕಬಲ್ಲದ್ದು ಐದೂಕಾಲು ಕಿಲೋವ್ಯಾಟಿನಷ್ಟು.

"ಅಂದ್ರ ಒಂಬತ್ತು ಎ.ಸಿ. ಕಾಕಾ. ಗಿರಾಕಿಗಲ್ಲ, ಬಟ್ಟಿಗಲ್ಲ. ಬರೀ ಆ ಗಾಜಿಗೆ."

"ಒಂಬತ್ತು?" ಅವನು ಬೆರಳು ಮಡಚಿದ. "ಬ್ಯಾರೆ ಗಾಜ ಇರತೈತಂತಲ್ಲ, ಬಿಸಿಲ ತಡಿಯೋದು?"

ಇರುತ್ತದೆ. ಒಳ್ಳೆಯ ಲೇಪನದ ಗಾಜು ಬಿಸಿಯನ್ನು ಅರ್ಧಕ್ಕೂ ಕಡಿಮೆ ಮಾಡುತ್ತದೆ. ಆದರೆ ಅದರ ಬೆಲೆ ಬೇರೆ, ಅವನು ಮುಂಗಡ ಕೊಟ್ಟ ಗಾಜು ಬೇರೆ. ಮೂರು ದಿನ ಸಮಯ ಕೊಡು, ಹುಕ್ಕೇರಿಗೆ ಹೋಗಿ ಬಂದು ಹೇಳುತ್ತೇನೆ ಎಂದೆ. "ಹುಕ್ಕೇರಿಗ್ಯಾಕ?" ಅಂದ. ಅಣ್ಣನ ಬಿಲ್ಲಿನ ವಿಷಯ ಆಗ ಹೇಳಲೇಬೇಕಾಯಿತು. ಕೇಳಿ ಸುಮ್ಮನಾದ. ಆಮೇಲೆ, "ಫಾಲ್ಸಿಗೆ ಹೋಗಿ ಬರೋಣೇನು?" ಅಂದ. ಬೇಜಾರಾದಾಗೆಲ್ಲ ಅವನು ಅಲ್ಲಿಗೇ ಹೋಗುವುದು.

ಆಟೋದವನು ಹೇಳಿದ್ದು ನಿಜ, ಬಂಡೆಯ ಮೇಲೆ ನಾಲ್ಕಾರು ಎಳೆ ನೀರಷ್ಟೇ. ಘಟಪ್ರಭೆ ಧುಮುಕುವ 52 ಮೀಟರ್ ಆಳ ಆವತ್ತು ಬರೀ ಆಳವಾಗಿಯೇ ಕಾಣುತ್ತಿತ್ತು. ಸುಮಾರು 200 ಮೀಟರ್ ಉದ್ದದ ತೂಗುಸೇತುವೆ, ದಡದಲ್ಲಿ ಚಾಲುಕ್ಯರ ಕಾಲದ ಮಹಾಲಿಂಗೇಶ್ವರ ಗುಡಿ, ಆಚೆ 1885ರಲ್ಲಿ ಶುರುವಾದ ಗೋಕಾಕ ಮಿಲ್ಲು. ಇಲ್ಲಿ 1887ರಲ್ಲೇ ನೀರಿನಿಂದ ಕರೆಂಟು ತೆಗೆದಿದ್ದರು ಎಂದು ಊರಿನವರು ಹೆಮ್ಮೆಯಿಂದ ಹೇಳುತ್ತಾರೆ. ಕೋಲಾರದ ಚಿನ್ನದ ಗಣಿಗೆ ಶಿವನಸಮುದ್ರದ ಕರೆಂಟು ಹೋದದ್ದು 1902ರಲ್ಲಿ.

"ಮಳಿಗಾಲದಾಗ ನೋಡಿದಾವ ಇಷ್ಟ ನೀರ ಅಂತಾನ. ಈಗ ನೋಡಿದಾವ ಏನೂ ಇಲ್ಲ ಅಂತಾನ. ಇಬ್ಬರೂ ಸುಳ್ಳ ಹೇಳಿಲ್ಲ" ಎಂದ ಕಾಕಾ. ಅವನು ಮಾತಾಡಿದ್ದು ನೀರಿನ ಬಗ್ಗೆ. ನಾನು ಯೋಚಿಸಿದ್ದು ನನ್ನ ಕಡತದ ಬಗ್ಗೆ. ಹುಕ್ಕೇರಿಯ ಲೆಕ್ಕಕ್ಕೆ ನಾನು ಬಳಸಿದ್ದು ಬೆಳಗಾವಿಯ ಹವಾಮಾನ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಗೋಕಾಕ 550ರ ಆಸುಪಾಸಿನಲ್ಲಿ. ಇನ್ನೂರು ಮೀಟರ್ ಇಳಿದರೆ ಒಂದು ಡಿಗ್ರಿಗಿಂತ ಹೆಚ್ಚು ಬಿಸಿ ಏರುತ್ತದೆ. ಹುಕ್ಕೇರಿಯೂ ಬೆಳಗಾವಿಯಷ್ಟು ತಂಪಲ್ಲ. ತಪ್ಪು ಸಿಕ್ಕಿತು ಎಂದುಕೊಂಡೆ. ಕಂಪ್ಯೂಟರಿನದೂ ಅಲ್ಲ, ನನ್ನದೂ ಅಲ್ಲ, ಹವಾಮಾನದ್ದು. ಆ ರಾತ್ರಿ ನೆಮ್ಮದಿಯಾಗಿ ಮಲಗಿದೆ.

ಮೂಡಲಗಿ: ಅವ್ವ ಹಿಂದಿರುಗಿದ ಬಾಗಿಲು

ಮರುದಿನ ಬೆಳಿಗ್ಗೆ ಲೋಳಸೂರ ಸೇತುವೆ ದಾಟಿ, ಅರಭಾವಿಯ ತೋಟಗಾರಿಕೆ ಕಾಲೇಜಿನ ಹಸಿರು ನೋಡುತ್ತ ಬಸ್ಸಿನಲ್ಲಿ ಮೂಡಲಗಿಗೆ ಹೋದೆ. ನಾನು ಹುಟ್ಟಿ ಬೆಳೆದ ಊರು. ಮೊದಲು ಗೋಕಾಕ ತಾಲ್ಲೂಕಿನಲ್ಲಿತ್ತು, ಈಗ ತನ್ನದೇ ತಾಲ್ಲೂಕು. ತಾಲ್ಲೂಕಾದ ಮೇಲೆ ರಸ್ತೆ ಬದಿಯ ಕಟ್ಟಡಗಳಿಗೆಲ್ಲ ಮುಖ ಬದಲಾಗಿದೆ. ನೀಲಿ ಗಾಜು, ಹಸಿರು ಗಾಜು, ಅಲ್ಯೂಮಿನಿಯಂ ಹಾಳೆ. ಶಿವಬೋಧರಂಗ ಮಠದ ಕಡೆ ಹೋದರೆ ಮಾತ್ರ ಹಳೆಯ ಓಣಿಗಳು ಹಾಗೇ ಇವೆ.

ನಮ್ಮದು ಮಣ್ಣಿನ ಮಾಳಿಗೆ ಮನೆ. ಎರಡಡಿ ದಪ್ಪದ ಗೋಡೆ, ಮೇಲೆ ಬೆಳಕಿಂಡಿ. ಉಷ್ಣತೆ ಬರೆದಿಡುವ ಬೆಂಕಿಪೊಟ್ಟಣದಷ್ಟು ದೊಡ್ಡ ಮೀಟರು ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ. ಒಂದನ್ನು ಪಡಸಾಲೆಯಲ್ಲಿ, ಇನ್ನೊಂದನ್ನು ಹೊರಗೆ ಬೇವಿನ ಗಿಡದ ನೆರಳಲ್ಲಿ ಇಟ್ಟೆ. ಮಧ್ಯಾಹ್ನ ಮೂರಕ್ಕೆ ಹೊರಗೆ 39, ಒಳಗೆ 32. ಹಳೆಯ ಮನೆ ಎಷ್ಟು ತಂಪು ಎಂದು ಹಿಗ್ಗಿದೆ. ರಾತ್ರಿ ಹತ್ತಕ್ಕೆ ಮತ್ತೆ ನೋಡಿದರೆ ಹೊರಗೆ 28, ಒಳಗೆ ಅದೇ 32. ದಪ್ಪ ಗೋಡೆ ಬಿಸಿಯನ್ನು ಅಳಿಸಿಬಿಡುವುದಿಲ್ಲ, ಹಗಲಿನದನ್ನು ರಾತ್ರಿಗೆ ಮುಂದೂಡುತ್ತದೆ. ಅದಕ್ಕೇ ನಾವೆಲ್ಲ ಬೇಸಿಗೆಯಲ್ಲಿ ಮಾಳಿಗೆ ಮೇಲೆ ಹಾಸಿಗೆ ಹಾಸುತ್ತಿದ್ದದ್ದು. ರಾತ್ರಿ ಮುಚ್ಚುವ ಅಂಗಡಿಗೆ ಇಂಥ ಗೋಡೆ ಹೊಂದುತ್ತದೆ. ರಾತ್ರಿ ಜನ ಮಲಗುವ ಆಸ್ಪತ್ರೆಗೆ, ಲಾಡ್ಜಿಗೆ ಅಷ್ಟು ಹೊಂದುವುದಿಲ್ಲ. ಹಳೆಯದೆಲ್ಲ ಒಳ್ಳೆಯದು ಎಂದು ಹೊರಟರೂ ಲೆಕ್ಕ ತಪ್ಪುತ್ತದೆ.

ಮಾಳಿಗೆ ಮೇಲೆ ಮಲಗಿದಾಗ ಅವ್ವನಿಗೆ ಅಣ್ಣನ ಬಿಲ್ಲಿನ ಕತೆ ಹೇಳಿದೆ. ಹವಾಮಾನದ ಕಡತ, ಬೆಳಗಾವಿಯ ಎತ್ತರ ಎಲ್ಲ ಹೇಳಿದೆ. ಅವಳು ಸ್ವಲ್ಪ ಹೊತ್ತು ಕೇಳಿ ಬೇರೆಯೇ ಮಾತು ತೆಗೆದಳು.

"ಹ್ವಾದ ದೀಪಾವಳಿಗೆ ಗೋಕಾಕದಾಗ ಒಂದ ಬಂಗಾರದಂಗಡಿಗೆ ಹೋಗಿದ್ವಿ, ನಾನೂ ನಿಮ್ಮ ಕಾಕುನೂ. ಗಾಜಿನ ಬಾಗಲಾ ಮುಚ್ಚಿತ್ತು. ಒಳಗ ಮಂದಿ ಅದಾರೋ ಇಲ್ಲೋ ತಿಳೀವಲ್ದು. ಚಪ್ಪಲಿ ಎಲ್ಲಿ ಬಿಡಬೇಕು, ಬಾಗಲಾ ದೂಡಬೇಕೋ ಜಗ್ಗಬೇಕೋ ಅದೂ ತಿಳೀವಲ್ದು. ನಿಂತ ನಿಂತ ಸಾಕಾಗಿ ಬಾಜೂ ಅಂಗಡಿಗೆ ಹೋದ್ವಿ. ಅದರ ಬಾಗಲಾ ತಗದಿತ್ತು."

"ಅಂದ್ರ?"

"ಅಂದ್ರ ಏನ ಅಂದ್ರ. ನಿಮ್ಮ ಅಣ್ಣಗ ಹಳ್ಳಿ ಗಿರಾಕಿ ಭಾಳ. ಬಾಗಲಾ ಮುಚ್ಚಿ ಕುಂತರ ವ್ಯಾಪಾರ ಹೆಂಗ ಆಗತೈತಿ?"

ನನಗೆ ನಿದ್ದೆ ಹಾರಿಹೋಯಿತು. ನನ್ನ ಲೆಕ್ಕದಲ್ಲಿ ಅಣ್ಣನ ಅಂಗಡಿಯ ಬಾಗಿಲು ಯಾವಾಗಲೂ ಮುಚ್ಚಿತ್ತು.

ಹುಕ್ಕೇರಿ: ಇಟ್ಟಂಗಿ ಒತ್ತಿಟ್ಟ ಬಾಗಿಲು

ಹುಕ್ಕೇರಿಗೆ ಹೂವಿನ ಕೇರಿ ಎಂಬುದರಿಂದ ಆ ಹೆಸರು ಬಂತು, ಇಲ್ಲಿಯ ಗುಲಾಬಿ ಬಿಜಾಪುರದ ಆದಿಲ್‌ಶಾಹಿಗಳಿಗೆ ಹೋಗುತ್ತಿತ್ತು ಎನ್ನುತ್ತಾರೆ. ಆ ಕಾಲದ ಗುಮ್ಮಟಗಳು ಇವತ್ತಿಗೂ ಊರಲ್ಲಿ ನಿಂತಿವೆ. ಬಸ್ಸಿಳಿದವಳು ಮೊದಲು ಅಲ್ಲಿಗೇ ಹೋದೆ. ಹೊರಗೆ ಉರಿ, ಗುಮ್ಮಟದ ಕೆಳಗೆ ನೀರಿನ ಕೊಡದ ಪಕ್ಕ ಕುಳಿತಂಥ ತಂಪು. ಎತ್ತರದ ಒಳಗೋಪುರ, ದಪ್ಪ ಕಲ್ಲು, ಸಣ್ಣ ಬಾಗಿಲು. ಮೂಲೆಯಲ್ಲಿ ಇಬ್ಬರು ಅಜ್ಜಂದಿರು ಮಧ್ಯಾಹ್ನದ ನಿದ್ದೆಯಲ್ಲಿದ್ದರು.

ಕರೆಂಟಿನ ವಿಷಯದಲ್ಲಿ ಹುಕ್ಕೇರಿಗೆ ಇನ್ನೊಂದು ಹೆಚ್ಚುಗಾರಿಕೆ ಇದೆ. ಗೋಕಾಕ, ಮೂಡಲಗಿಗೆ ಕರೆಂಟು ಕೊಡುವುದು ಹೆಸ್ಕಾಂ. ಹುಕ್ಕೇರಿ ತಾಲ್ಲೂಕಿಗೆ ಮಾತ್ರ 1969ರಿಂದ ತನ್ನದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಕರ್ನಾಟಕದಲ್ಲಿ ಹೀಗೆ ಮನೆ ಮನೆಗೆ ಕರೆಂಟು ಹಂಚುವ ಸಹಕಾರಿ ಸಂಘ ಇದೊಂದೇ. ಹಾಲಿನ ಸೊಸೈಟಿ, ಪತ್ತಿನ ಸೊಸೈಟಿ ಇದ್ದಂತೆ ಇಲ್ಲಿ ಕರೆಂಟಿನ ಸೊಸೈಟಿ. ಇದೇ ತಾಲ್ಲೂಕಿನ ಹಿಡಕಲ್‌ನಲ್ಲಿ ಘಟಪ್ರಭೆಗೆ ಕಟ್ಟಿದ 51 ಟಿಎಂಸಿ ಅಡಿಯ ರಾಜಾ ಲಖಮಗೌಡ ಜಲಾಶಯ ಇದೆ, ಅಣೆಕಟ್ಟಿನ ಬುಡದಲ್ಲಿ 32 ಮೆಗಾವ್ಯಾಟಿನ ವಿದ್ಯುತ್ ಕೇಂದ್ರವೂ ಇದೆ. ಕರೆಂಟು ಹುಟ್ಟುವುದನ್ನೂ ಹಂಚುವುದನ್ನೂ ಹತ್ತಿರದಿಂದ ಕಂಡ ತಾಲ್ಲೂಕು ಇದು. ಬಳಸುವುದರ ಲೆಕ್ಕ ಹಾಕಲು ನಾನು ಮಾತ್ರ ಬೆಂಗಳೂರಿನಲ್ಲೇ ಕುಳಿತಿದ್ದೆ.

ಅಣ್ಣನ ಅಂಗಡಿ ಮುಟ್ಟಿದಾಗ ಸಂಜೆ ಐದು. ಗಾಜಿನ ಬಾಗಿಲು ಪೂರ್ತಿ ತೆರೆದಿತ್ತು, ಮುಚ್ಚಿಕೊಳ್ಳಬಾರದೆಂದು ಕೆಳಗೆ ಒಂದು ಇಟ್ಟಂಗಿ ಒತ್ತಿಟ್ಟಿದ್ದರು. ಹೊಸ್ತಿಲ ಹೊರಗೆ ಚಪ್ಪಲಿಯ ರಾಶಿ. ಒಳಗಿನ ತಂಪು ಗಾಳಿ ಆ ಚಪ್ಪಲಿಗಳ ಮೇಲೆ ಹಾದು ರಸ್ತೆಗೆ ಹೋಗುತ್ತಿತ್ತು.

"ಎ.ಸಿ. ಇಪ್ಪತ್ನಾಲ್ಕಕ್ಕ ಇಟ್ಟೇನಿ ತಂಗಿ, ನೀ ಹೇಳಿದಂಗ" ಎಂದ ಅಣ್ಣ. ನಿಜವಾಗಿಯೂ ಇಟ್ಟಿದ್ದ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ಕರೆಂಟು ಉಳಿಯುತ್ತದೆ ಎಂದು ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ, 2020ರಿಂದ ಮಾರುವ ಎ.ಸಿ.ಗಳು 24ರಲ್ಲೇ ಶುರುವಾಗಬೇಕು ಎಂಬ ನಿಯಮವೂ ಬಂದಿದೆ. ಆದರೆ ಬಾಗಿಲಿಗೆ ಇಟ್ಟಂಗಿ ಇದ್ದರೆ ಆ ಎ.ಸಿ. 24 ಮುಟ್ಟುವುದೇ ಇಲ್ಲ, ಪುರುಸೊತ್ತಿಲ್ಲದೆ ಓಡುತ್ತಲೇ ಇರುತ್ತದೆ.

ವೈನಿ ಕೊಟ್ಟ ಚಹಾ ಹಿಡಿದು ಎದುರಿನ ಕಟ್ಟೆಯ ಮೇಲೆ ಒಂದು ತಾಸು ಕುಳಿತೆ. 47 ಗಿರಾಕಿ ಒಳಗೆ ಹೋದರು. ಇಟ್ಟಂಗಿ ತೆಗೆದು ನೋಡು ಎಂದು ಅಣ್ಣನಿಗೆ ಹೇಳಿದೆ. ಹತ್ತು ನಿಮಿಷದೊಳಗೆ ಸೆರಗು ಹೊದ್ದ ಮೂವರು ಹೆಂಗಸರು ಬಾಗಿಲ ಮುಂದೆ ನಿಂತು, ಒಳಗೆ ಇಣುಕಿ, ಮುಂದೆ ನಡೆದರು. ವೈನಿ ಓಡಿಬಂದು ಇಟ್ಟಂಗಿ ಮತ್ತೆ ಇಟ್ಟಳು. "ಕರೆಂಟ್ ಬಿಲ್ ತುಂಬೂದಕ್ಕ ಮೊದಲ ಗಿರಾಕಿ ಬೇಕವಾ" ಎಂದಳು. ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ಉಳಿದದ್ದನ್ನೂ ಎಣಿಸುತ್ತ ಹೋದೆ. ಪ್ಲಾನಿನಲ್ಲಿ ಇಲ್ಲದ 32 ದೀಪಗಳಿದ್ದವು, ಸೀರೆಯ ಬಣ್ಣ ಎದ್ದು ಕಾಣಲೆಂದು ಆಮೇಲೆ ಹಾಕಿಸಿದ್ದು, ತಲಾ 50 ವ್ಯಾಟ್. ನಾನು ಭಾನುವಾರ ರಜೆ, ರಾತ್ರಿ ಎಂಟಕ್ಕೆ ಬಂದ್ ಎಂದು ಬೆಂಗಳೂರಿನ ಆಫೀಸಿನ ಹಾಗೆ ಬರೆದಿದ್ದೆ. ಇಲ್ಲಿ ಭಾನುವಾರವೇ ಜೋರು ವ್ಯಾಪಾರ, ಮದುವೆಯ ಸೀಸನ್ನಿನಲ್ಲಿ ರಾತ್ರಿ ಹತ್ತೂವರೆ. ದೀಪದ ಲೆಕ್ಕ ಯಾರೂ ಬೆರಳಲ್ಲೇ ಹಾಕಬಹುದು: 32 ದೀಪ, 50 ವ್ಯಾಟ್, ಅಂದರೆ 1.6 ಕಿಲೋವ್ಯಾಟ್. ವರ್ಷಕ್ಕೆ 3,500 ತಾಸು ಉರಿದರೆ 5,600 ಯೂನಿಟ್. ದೀಪದ ಕರೆಂಟೆಲ್ಲ ಕೊನೆಗೆ ಒಳಗೆ ಬಿಸಿಯಾಗಿಯೇ ಉಳಿಯುತ್ತದೆ. ಆ ಬಿಸಿ ಹೊರಗೆ ಹಾಕಲು ಎ.ಸಿ.ಗೆ ಅದರ ಮೂರನೇ ಒಂದು ಪಾಲು ಬೇಕು. ಒಟ್ಟು ಸುಮಾರು 7,500. ಮೂರು ದೀಪ ಹಚ್ಚಿದರೆ ಬಿಲ್ಲಿನಲ್ಲಿ ನಾಲ್ಕು ದೀಪ ಉರಿಯುತ್ತವೆ.

ರಾತ್ರಿ ಊಟವಾದ ಮೇಲೆ ದೊಡ್ಡವ್ವನ ಮನೆಯ ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ತೆರೆದೆ. ಒಂದೊಂದನ್ನೇ ತಿದ್ದಿ ಲೆಕ್ಕ ಓಡಿಸಿದೆ. ತೆರೆದ ಬಾಗಿಲಿಗೆ 10,500 ಯೂನಿಟ್ ಏರಿತು. ದೀಪಕ್ಕೆ 7,500. ಹೊತ್ತಿಗೆ 4,500. ಕೊನೆಗೆ, ತಪ್ಪೆಲ್ಲ ಅದರದೇ ಎಂದು ನಾನು ನೆಮ್ಮದಿಯಾಗಿ ಮಲಗಿದ್ದ ಹವಾಮಾನಕ್ಕೆ ಬರೀ 2,000. ಒಟ್ಟು 84,500. ನಿಜವಾದ ಬಿಲ್ಲಿಗೂ ಇದಕ್ಕೂ ಶೇ 3ರಷ್ಟು ಅಂತರ. ತಿಂಗಳ ಬಿಲ್ಲಿನೊಡನೆ ತಾಳೆ ನೋಡುವಾಗ ಒಟ್ಟು ವ್ಯತ್ಯಾಸ ಶೇ 5ರ ಒಳಗೆ ಬಂದರೆ ನಮ್ಮ ಕಸುಬಿನಲ್ಲಿ ಲೆಕ್ಕ ಹೊಂದಿತು ಎನ್ನುತ್ತೇವೆ.

ಹೊಂದಿದ್ದು ಖುಷಿ ಕೊಡಬೇಕಿತ್ತು, ಕೊಡಲಿಲ್ಲ. ದೊಡ್ಡ ತಪ್ಪು ಮೂರೂ ನಾನು ಕೇಳಿದ್ದರೆ ಫೋನಿನಲ್ಲೇ ಸಿಗುತ್ತಿದ್ದವು. ಬಾಗಿಲು ಮುಚ್ಚುತ್ತೀಯಾ ಎಂದು ಅಣ್ಣನನ್ನು ನಾನು ಕೇಳಿಯೇ ಇರಲಿಲ್ಲ.

ಬೆಳಿಗ್ಗೆ ಹಾಳೆ ಅವನ ಮುಂದಿಟ್ಟು, "ತಪ್ಪ ನಂದು ಅಣ್ಣಾ" ಎಂದೆ. ಅವನು ಸಂಖ್ಯೆಗಳನ್ನು ಓದಿ, "ದೀಪಾ ಅರ್ಧ ತಗಸ್ತೀನಿ. ಬಾಗಲಾ?" ಎಂದ. ಬಾಗಿಲಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮತ್ತೆ ಗೋಕಾಕ: ಕಿರ್ದಿಯೊಳಗಿನ ಹಾಳೆ

ಉತ್ತರ ಸಿಕ್ಕಿದ್ದು ವಾಪಸ್ಸು ಬರುವ ಬಸ್ಸಿನಲ್ಲಿ. ನಮ್ಮ ಮನೆಗಳಲ್ಲಿ ಬೀದಿಯಿಂದ ಯಾರೂ ನೇರ ಒಳಗೆ ಬರುವುದಿಲ್ಲ. ಮೊದಲು ಕಟ್ಟೆ, ಆಮೇಲೆ ಪಡಸಾಲೆ. ಅಲ್ಲಿ ಚಪ್ಪಲಿ ಬಿಡುತ್ತಾರೆ, ನೀರು ಕುಡಿಯುತ್ತಾರೆ, ಕೂಡುತ್ತಾರೆ. ಬೇಕಾದವರಷ್ಟೇ ಒಳಮನೆಗೆ. ಅಂಗಡಿಗೂ ಹಾಗೇ ಮಾಡಿದರೆ? ಮುಂದಿನ ಹನ್ನೆರಡು ಅಡಿ ಎ.ಸಿ. ಇಲ್ಲದ, ಬಾಗಿಲೂ ಇಲ್ಲದ, ಫ್ಯಾನಿನ ಪಡಸಾಲೆ. ದಿನಬಳಕೆಯ ಬಟ್ಟೆ, ಟವೆಲ್ಲು, ಲುಂಗಿ ಎಲ್ಲ ಅಲ್ಲೇ. ರೇಷ್ಮೆ ಸೀರೆ, ಮದುವೆ ಜವಳಿ ಒಳಗೆ, ಎರಡನೆಯ ಬಾಗಿಲಿನಾಚೆ. ಅಲ್ಲಿಗೆ ಹೋಗುವ ಹೊತ್ತಿಗೆ ಗಿರಾಕಿಯ ಸಂಕೋಚ ಹೋಗಿರುತ್ತದೆ, ಬಾಗಿಲು ದೂಡುವುದು ಅಂಗಡಿಯ ಹುಡುಗನ ಕೆಲಸ. ಪಡಸಾಲೆಯ ಆಳವಾದ ನೆರಳು ಕೆಳಗಿನ ಗಾಜನ್ನೂ ಬಹಳ ಹೊತ್ತು ಕಾಯುತ್ತದೆ.

ಕಾಕಾ, ಕಾಕು ಇಬ್ಬರನ್ನೂ ಕೂರಿಸಿ ಎರಡು ಲೆಕ್ಕ ತೋರಿಸಿದೆ. ಈ ಸಲ ಒಂದೇ ಸಂಖ್ಯೆ ಕೊಡಲಿಲ್ಲ. ಈಗಿನ ಪ್ಲಾನಿನಂತೆ ಕಟ್ಟಿ ಬಾಗಿಲು ತೆರೆದಿಟ್ಟರೆ ವರ್ಷಕ್ಕೆ 1,15,000ದಿಂದ 1,30,000 ಯೂನಿಟ್. ಪಡಸಾಲೆ ಮಾಡಿ, ಮೇಲಿನ ಗಾಜನ್ನು ಮೂರನೇ ಒಂದಕ್ಕೆ ಇಳಿಸಿ, ಉಳಿದಲ್ಲಿ ಜಾಳಿಗೆ ಗೋಡೆ ಎಬ್ಬಿಸಿ, ಮಾಳಿಗೆಗೆ ಬಿಳಿ ಬಣ್ಣ ಬಳಿದರೆ 75,000ದಿಂದ 90,000.

"ಇದಕ್ಕೇನ ಸರಕಾರದ ಕಾನೂನ ಇಲ್ಲೇನು?" ಎಂದಳು ಕಾಕು. ಇದೆ. 2001ರ ಇಂಧನ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2007ರಲ್ಲಿ ಬಂದ ಕಟ್ಟಡ ಸಂಹಿತೆ, 2017ರಲ್ಲಿ ಪರಿಷ್ಕರಣೆಯಾಯಿತು. ಆದರೆ ಅದು ಲೆಕ್ಕಕ್ಕೆ ಹಿಡಿಯುವುದು 100 ಕಿಲೋವ್ಯಾಟ್ ಅಥವಾ ಅದಕ್ಕೂ ಮೇಲಿನ ಲೋಡಿನ ದೊಡ್ಡ ವಾಣಿಜ್ಯ ಕಟ್ಟಡಗಳನ್ನು. ಕಾಕಾನಂಥವರ ಕಟ್ಟಡ ಅದರ ಕಣ್ಣಿಗೆ ಸಣ್ಣದು. ಬಿಲ್ಲು ಕಟ್ಟುವವನಿಗೆ ಮಾತ್ರ ಸಣ್ಣದಲ್ಲ.

ಕಾಕಾ ತುಂಬಾ ಹೊತ್ತು ಪ್ಲಾನು ನೋಡಿದ. "ಗಾಜಿನಾವ್ರ ಮುಂಗಡ ತಿರುಗಿ ಕೊಡಂಗಿಲ್ಲ."

"ಗೊತ್ತೈತಿ ಕಾಕಾ. ನಲವತ್ತ ಸಾವಿರ ಯೂನಿಟ್ ಉಳದ್ರ, ಎಂಟ ರೂಪಾಯಿ ಹಿಡಿ."

"ಮೂರ ಲಕ್ಷ ಇಪ್ಪತ್ತ ಸಾವಿರ." ವ್ಯಾಪಾರಿಗೆ ಗುಣಾಕಾರ ಹೇಳಿಕೊಡಬೇಕಿಲ್ಲ. "ಆರ ತಿಂಗಳದಾಗ ಮುಂಗಡ ಹೊಳ್ಳಿ ಬರತೈತಿ. ಆದ್ರ ಹೊಳಪ ಹೋತು."

"ಪಡಸಾಲ್ಯಾಗ ನಾ ಎರಡ ಮಣ್ಣಿನ ಹರವಿ ತಣ್ಣೀರ ಇಡತೀನಿ" ಎಂದಳು ಕಾಕು. "ಹಳ್ಳಿಂದ ಬಂದಾವ್ರು ಬಸ್ ಬರೂ ತನಕ ಅಲ್ಲೇ ಕುಂದ್ರತಾರ. ಕುಂತಾವ್ರು ಏನರ ತಗೋತಾರ." ಕಾಕಾ ಅವಳನ್ನು ನೋಡಿದ. ಗೆದ್ದದ್ದು ನನ್ನ ತಂತ್ರಾಂಶ ಅಲ್ಲ, ಆ ಹರವಿ.

ಪೂರ್ತಿ ಒಪ್ಪಿದ ಎಂದು ಹೇಳಲಾರೆ. ಪಡಸಾಲೆಗೆ ಹ್ಞೂಂ ಅಂದ. ಎರಡನೇ ಅಂತಸ್ತಿನಲ್ಲಿ ಹೆಸರಿನ ಬೋರ್ಡಿನ ಸುತ್ತ ಗಾಜು ಬೇಕೇ ಬೇಕು ಅಂದ. "ಮಹಾಪೂರದಾಗ ಅಂಗಡಿ ಮುಣಗಿದ್ದ ಎಲ್ಲಾರೂ ನೋಡ್ಯಾರ. ಎದ್ದದ್ದೂ ಕಾಣಬೇಕಲ್ಲ" ಅಂದಾಗ ನಾನು ಸುಮ್ಮನಾದೆ. ಆ ಗಾಜನ್ನು ಲೆಕ್ಕಕ್ಕೆ ಸೇರಿಸಿ, ಲೇಪನದ್ದನ್ನೇ ಹಾಕಿಸು ಎಂದು ಬರೆದು, ಮೇಲಿನ ಅಂಕಿಯನ್ನು 95,000ಕ್ಕೆ ತಿದ್ದಿದೆ.

ಓದುವವರಲ್ಲಿ ಯಾರಾದರೂ ಅಂಗಡಿ, ದವಾಖಾನೆ, ಲಾಡ್ಜು ಕಟ್ಟಿಸುವವರಿದ್ದರೆ ಒಂದು ಮಾತು. ಈಗಿರುವ ಜಾಗದ ಹನ್ನೆರಡು ತಿಂಗಳ ಬಿಲ್ಲು ತೆಗೆದಿಡಿ. ಒಟ್ಟು ಯೂನಿಟ್ಟನ್ನು ಚದರ ಮೀಟರಿನಿಂದ ಭಾಗಿಸಿ. ಅಣ್ಣನದು 120 ಎಂದು ನಾನು ಹೇಳಿದ್ದೆ, ಬಂದದ್ದು 174. ಇಂಜಿನಿಯರು ನಿಮಗೆ ಒಂದು ಸಂಖ್ಯೆ ಕೊಟ್ಟರೆ ಕೇಳಿ: ಯಾವ ಊರಿನ ಹವಾಮಾನ, ಎಷ್ಟು ತಾಸು, ಎಷ್ಟು ದೀಪ, ಬಾಗಿಲು ತೆರೆದಿದೆಯೋ ಮುಚ್ಚಿದೆಯೋ? ಅವರು ನಿಮ್ಮನ್ನು ಇವಿಷ್ಟೂ ಕೇಳದಿದ್ದರೆ ನೀವಾಗಿಯೇ ಹೇಳಿ. ನಾನು ಕೇಳಿರಲಿಲ್ಲ.

ಹೊರಡುವಾಗ ಕಾಕಾ ಆ ಹಾಳೆಯನ್ನು ಮುಂದೆ ಹಿಡಿದು, "ಸಹಿ ಹಾಕು" ಅಂದ. ತಾರೀಖು ಬರೆದು ಸಹಿ ಹಾಕಿದೆ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಸಾಲಗಾರರ ಚೀಟಿ ಇಡುವ ಕಿರ್ದಿ ಪುಸ್ತಕದೊಳಗೆ ಇಟ್ಟುಕೊಂಡ.

"ಕಟ್ಟಡಾ ಎದ್ದ ಮ್ಯಾಲೆ ಒಂದ ಬ್ಯಾಸಗಿ ಹೋಗಲಿ. ಬಿಲ್ಲಾ ತಗೊಂಡ ಕುಂದ್ರೂಣು, ನೀನೂ ನಾನೂ. ಫಾಲ್ಸ್ ನೋಡಾಕ ಅಂತ ಜುಲೈಕ್ಕ ಬರಬ್ಯಾಡ ಮತ್ತ. ಏಪ್ರಿಲಕ್ಕ ಬಾ."